ಗ್ಯಾಸ್ ಬಾಯ್ಲರ್ ಬಿಟ್ಟು ಹೀಟ್ ಪಂಪ್ ಹಾಕಿಸಿದೆವು: ಇಂಗ್ಲೆಂಡಿನ ಚಳಿಯಲ್ಲಿ ನಮ್ಮ ಅನುಭವ

ಹೀಟ್ ಪಂಪ್ ಹಾಕಿಸಿದರೆ ದುಡ್ಡು ಉಳಿಯುತ್ತಾ? ನಮ್ಮ ಮನೆಗೆ ಬರುವ ಕನ್ನಡದವರೆಲ್ಲ ಹಿತ್ತಲಲ್ಲಿ ನಿಂತ ಪೆಟ್ಟಿಗೆ (ಹೊರಗಿನ ಗಾಳಿಯ ಬಿಸಿಯನ್ನು ಕರೆಂಟಿನಿಂದ ಮನೆಯೊಳಗೆ ತರುವ ಯಂತ್ರ) ನೋಡಿ ಮೊದಲು ಕೇಳುವುದು ಇದನ್ನೇ. ಉಳಿಯುತ್ತದೆ, ಆದರೆ ಜಾಸ್ತಿ ಏನಲ್ಲ. ಹಾಕುವವರು ಮನೆಯನ್ನು ಸರಿಯಾಗಿ ಅಳೆಯದಿದ್ದರೆ ಉಳಿಯುವ ಬದಲು ಕೈಯಿಂದಲೇ ಹೋಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಗ್ಯಾಸ್ ಬಾಯ್ಲರಿಗೆ ವಾಪಸ್ ಹೋಗುವುದಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇಲ್ಲಿ ಸ್ವಂತ ಮನೆ ಮಾಡಿಕೊಂಡು, ಬಾಯ್ಲರ್ ಹಳೆಯದಾಯಿತು ಅಂತ ಯೋಚನೆಯಲ್ಲಿರುವವರಿಗೆ ಉಪಯೋಗ ಆದೀತು.

ನಾವಿರುವುದು ರೆಡಿಂಗ್ ಊರಿನ ಲೋವರ್ ಅರ್ಲಿಯಲ್ಲಿ. 1980ರ ಆಸುಪಾಸಿನ ಮನೆ, ಮೂರು ಬೆಡ್‌ರೂಮು, ಒಂದು ಬದಿಯ ಗೋಡೆ ಪಕ್ಕದ ಮನೆಗೆ ಸೇರಿಕೊಂಡಿದೆ. ನಾನು ಆಸ್ಪತ್ರೆಯಲ್ಲಿ ಉಸಿರಾಟದ ತೊಂದರೆ ಇರುವವರ ವಾರ್ಡಿನಲ್ಲಿ ನರ್ಸ್. ರಾತ್ರಿ ಪಾಳಿ ಇದ್ದಾಗ ಹಗಲು ಮಲಗುತ್ತೇನೆ. ಚಳಿಗಾಲ ಬಂದರೆ ಗದಗಿನಿಂದ ನಮ್ಮವ್ವ ಬಂದು ಜೊತೆಗಿರುತ್ತಾಳೆ. ಹಾಗಾಗಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಮೂರು ಗಂಟೆ ಹೀಟಿಂಗ್ ಹಾಕಿ ಆರಿಸುವ ಲೆಕ್ಕ ನಮ್ಮ ಮನೆಗೆ ಆಗಿಬರುವುದಿಲ್ಲ. ಹಗಲೂ ರಾತ್ರಿ ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಹಳೆಯದು ಕಾಂಬಿ ಬಾಯ್ಲರ್. ಪೈಪಿನ ಗ್ಯಾಸ್ ಉರಿಸಿ ರೇಡಿಯೇಟರಿಗೂ (ಒಳಗೆ ಬಿಸಿನೀರು ಹರಿದು ಕೋಣೆ ಬೆಚ್ಚಗೆ ಮಾಡುವ, ಗೋಡೆಗೆ ಹಾಕಿದ ತಗಡು) ನಲ್ಲಿಗೂ ಬಿಸಿನೀರು ಕೊಡುವಂಥದ್ದು. ಈ ಭಾಗದ ನೀರು ಬಹಳ ಗಡಸು. ಒಳಗೆಲ್ಲ ಸುಣ್ಣ ಕಟ್ಟಿಕೊಂಡು ಸ್ನಾನದ ನಡುವೆಯೇ ನೀರು ತಣ್ಣಗಾಗುತ್ತಿತ್ತು. ರಿಪೇರಿಗೆ ಬಂದವರು ಇನ್ನು ಇದಕ್ಕೆ ದುಡ್ಡು ಸುರಿಯಬೇಡಿ ಅಂದರು. ಹೊಸ ಗ್ಯಾಸ್ ಬಾಯ್ಲರಿಗೆ 2,800 ಪೌಂಡ್ ಹೇಳಿದರು, ಒಂದೇ ದಿನದ ಕೆಲಸ. ಹೀಟ್ ಪಂಪಿಗೆ 12,600 ಪೌಂಡ್. ಅದರಲ್ಲಿ ಸರ್ಕಾರದ ಬಾಯ್ಲರ್ ಅಪ್‌ಗ್ರೇಡ್ ಸ್ಕೀಮಿನ 7,500 ಕಳೆದು ನಾವು ಕೊಡಬೇಕಾದದ್ದು 5,100. ಈ ಸಹಾಯಧನ ಇಂಗ್ಲೆಂಡ್ ಮತ್ತು ವೇಲ್ಸಿಗೆ ಮಾತ್ರ. ಮುಂಚೆ 5,000 ಇತ್ತು, 2023ರ ಅಕ್ಟೋಬರಿನಲ್ಲಿ 7,500ಕ್ಕೆ ಏರಿಸಿದರು. ಅರ್ಜಿ ನಾವು ಹಾಕಬೇಕಾಗಿಲ್ಲ. ಕೆಲಸ ಮಾಡುವ ಕಂಪನಿಯೇ ಹಾಕಿ, ಬಿಲ್ಲಿನಲ್ಲೇ ಕಳೆದು ಕೊಡುತ್ತದೆ. ನಾವು ಹಾಕಿಸಿದಾಗ ಆ ಕಂಪನಿಗೆ ಎಂಸಿಎಸ್ ಅನ್ನುವ ಗುಣಮಟ್ಟದ ಪ್ರಮಾಣಪತ್ರ ಇರಬೇಕಿತ್ತು, ಮನೆಗೆ ಇಪಿಸಿ, ಅಂದರೆ ಮನೆ ಎಷ್ಟು ಇಂಧನ ತಿನ್ನುತ್ತದೆ ಅಂತ ಹೇಳುವ ಪತ್ರ, ಇರಬೇಕಿತ್ತು. ವ್ಯಾಟ್ ಕೂಡ 2027ರ ಮಾರ್ಚ್ ಕೊನೆಯವರೆಗೆ ಸೊನ್ನೆ.

ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಅವ್ವನಿಗೆ ನಾನು ಹೇಳಿದ್ದು ಹೀಗೆ. ಹೊಲದ ಬೋರ್‌ವೆಲ್ ಮೋಟರ್ ನೀರನ್ನು ತಯಾರಿಸುವುದಿಲ್ಲ, ಕೆಳಗಿರುವ ನೀರನ್ನು ಮೇಲಕ್ಕೆ ಎತ್ತುತ್ತದೆ ಅಷ್ಟೇ. ಇದೂ ಬಿಸಿಯನ್ನು ತಯಾರಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಎತ್ತಿ ಒಳಗೆ ತರುತ್ತದೆ. ಸೊನ್ನೆ ಡಿಗ್ರಿ ಗಾಳಿಯಲ್ಲೂ ಎತ್ತುವಷ್ಟು ಬಿಸಿ ಇರುತ್ತದೆ. ಎತ್ತರ ಕಡಿಮೆ ಇದ್ದಷ್ಟೂ ಮೋಟರಿಗೆ ಕರೆಂಟ್ ಕಡಿಮೆ ಸಾಕಲ್ವಾ? ಹಾಗೆಯೇ ರೇಡಿಯೇಟರಿಗೆ ಕಳಿಸುವ ನೀರು ಎಷ್ಟು ಕಡಿಮೆ ಬಿಸಿ ಇದ್ದರೆ ನಡೆಯುತ್ತದೋ ಅಷ್ಟು ಕರೆಂಟ್ ಉಳಿತಾಯ. ಹೀಟ್ ಪಂಪಿನ ಲಾಭ ನಷ್ಟ ಎರಡೂ ಇರುವುದು ಇಲ್ಲೇ.

ಹಾಕಿಸಿದ್ದು ವೈಲಾಂಟ್ ಕಂಪನಿಯ ಆರೋಥರ್ಮ್ ಪ್ಲಸ್, 7 ಕಿಲೋವಾಟಿನದು. ಒಳಗಿರುವ ಅನಿಲ ಪ್ರೊಪೇನ್. ಅದು ಮನೆಯ ಹೊರಗಿನ ಪೆಟ್ಟಿಗೆಯಲ್ಲೇ ಮುಚ್ಚಿಕೊಂಡಿರುತ್ತದೆ. ಯಂತ್ರದ ಬಗ್ಗೆ ನನಗೆ ಒಂದೂ ತಕರಾರಿಲ್ಲ. ಆದರೆ ಆ 7 ಅನ್ನುವ ಸಂಖ್ಯೆಗೆ ಬಂದು ತಲುಪಿದ್ದು ಹೇಗೆ ಅನ್ನುವುದೇ ಈ ಬರಹದಲ್ಲಿ ಬಹಳ ಮುಖ್ಯ.

ಮೊದಲು ಬಂದ ಕಂಪನಿಯವರ ಹೆಸರು ಬೇಡ. ಅಡುಗೆಮನೆಯಲ್ಲಿ ನಿಂತು ಹಳೇ ಬಾಯ್ಲರಿನ ಮೇಲಿದ್ದ ಚೀಟಿ ಓದಿದರು. ಮನೆಯ ಅಳತೆ ಎಷ್ಟು ಅಂತ ಕೇಳಿದರು. ಹದಿನೈದು ನಿಮಿಷಕ್ಕೆ ಹೊರಟರು. ಮರುದಿನ ಮೇಲ್ ಬಂತು: 12 ಕಿಲೋವಾಟ್ ಯಂತ್ರ, ರೇಡಿಯೇಟರ್ ಇದ್ದದ್ದೇ ಇರಲಿ, ನೀರು 55 ಡಿಗ್ರಿಗೆ ಓಡಿಸೋಣ. ನನ್ನ ಗಂಡನಿಗೆ ಬೆಲೆ ಹಿಡಿಸಿತು. ನನಗೆ ಸಮಾಧಾನ ಆಗಲಿಲ್ಲ. ಕಾಂಬಿ ಬಾಯ್ಲರ್ 28 ಕಿಲೋವಾಟ್, 30 ಕಿಲೋವಾಟ್ ಅಂತ ದೊಡ್ಡದಾಗಿರುವುದು ಶವರ್ ತಿರುಗಿಸಿದ ತಕ್ಷಣ ನೀರು ಕಾಯಬೇಕು ಅಂತ. ಮನೆ ಬೆಚ್ಚಗಿಡಲು ಅಷ್ಟೇನೂ ಬೇಡ. ಹಾಗಿರುವಾಗ ಅದರ ಚೀಟಿ ನೋಡಿ ಹೀಟ್ ಪಂಪಿನ ಗಾತ್ರ ಹೇಳಲು ಹೇಗೆ ಸಾಧ್ಯ?

ಎರಡನೆಯದು ಅಣ್ಣ ತಮ್ಮ ಇಬ್ಬರೇ ನಡೆಸುವ ಸಣ್ಣ ಕಂಪನಿ. ದೊಡ್ಡವರು ಬಂದು ಅರ್ಧ ದಿನ ಕೂತರು. ಒಂದೊಂದು ಕೋಣೆಯ ಗೋಡೆ, ಕಿಟಕಿ, ಬಾಗಿಲು ಅಳೆದರು. ಅಟ್ಟ ಹತ್ತಿ ಇನ್ಸುಲೇಷನ್ ಎಷ್ಟು ದಪ್ಪ ಇದೆ ನೋಡಿದರು. ಜೋಡಿ ಗೋಡೆಯ ನಡುವೆ ತುಂಬಿಸಿದ್ದಾರಾ ಅಂತ ಪರೀಕ್ಷೆ ಮಾಡಿದರು. ನೆಲದ ಹಲಗೆ ಎತ್ತಿ ಪೈಪ್ ನೋಡಿದರು. 10 ಮಿಲಿಮೀಟರಿನ ಸಣ್ಣ ತಾಮ್ರದ ಪೈಪು. ಆ ಕಾಲದ ಎಷ್ಟೋ ಮನೆಗಳಲ್ಲಿ ಇದೇ ಇದೆ. ಹೀಟ್ ಪಂಪಿನ ನೀರು ಕಡಿಮೆ ಬಿಸಿ ಇರುವುದರಿಂದ ಜಾಸ್ತಿ ನೀರು ಹರಿಯಬೇಕು, ಸಣ್ಣ ಪೈಪಿನಲ್ಲಿ ಅದು ಕಷ್ಟ. ಅವರು ಎಲ್ಲವನ್ನೂ ಕಿತ್ತು ಹಾಕಬೇಕು ಅನ್ನಲಿಲ್ಲ. ಹಾಲ್ ಮತ್ತು ಅಡುಗೆಮನೆಗೆ ಹೋಗುವ ಎರಡು ಸಾಲು ಮಾತ್ರ 15 ಮಿಲಿಮೀಟರಿಗೆ ಬದಲಾಯಿಸಿದರೆ ಸಾಕು, ಉಳಿದದ್ದು ನಡೆಯುತ್ತದೆ ಅಂದರು. ಕೋಣೆ ಕೋಣೆಯ ಲೆಕ್ಕದ ಹಾಳೆ ಕಳಿಸಿದರು. ಹೊರಗೆ ಮೈನಸ್ 2 ಇದ್ದಾಗ ಇಡೀ ಮನೆ ಕಳೆದುಕೊಳ್ಳುವ ಬಿಸಿ ಬರೀ 6.1 ಕಿಲೋವಾಟ್. ಅಂದರೆ 12ರ ಯಂತ್ರ ನಮಗೆ ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದು. ದೊಡ್ಡದಿದ್ದರೆ ಒಳ್ಳೆಯದೇ ಅಲ್ವಾ ಅನ್ನಿಸಬಹುದು, ಆದರೆ ಇಲ್ಲಿ ಹಾಗಲ್ಲ. ಚಳಿ ಕಡಿಮೆ ಇರುವ ದಿನಗಳಲ್ಲಿ ದೊಡ್ಡ ಯಂತ್ರಕ್ಕೆ ನಿಧಾನವಾಗಿ ಓಡಲು ಆಗುವುದಿಲ್ಲ. ಹತ್ತಿಕೊಳ್ಳುತ್ತದೆ, ಆರುತ್ತದೆ, ಮತ್ತೆ ಹತ್ತಿಕೊಳ್ಳುತ್ತದೆ. ಕರೆಂಟೂ ದಂಡ, ಯಂತ್ರದ ಆಯಸ್ಸೂ ಕಡಿಮೆ.

ಐದು ರೇಡಿಯೇಟರ್ ಬದಲಾಯಿಸಿದೆವು. ಒಂದೇ ತಗಡಿನವು ಹೋಗಿ ಎರಡು ತಗಡಿನ ದಪ್ಪನೆಯವು ಬಂದವು. ಗೋಡೆಯಲ್ಲಿ ಜಾಗ ಅಷ್ಟೇ ಹಿಡಿಯುತ್ತವೆ, ಮುಂದಕ್ಕೆ ಸ್ವಲ್ಪ ಚಾಚಿವೆ. ಇದರಿಂದ ಅತೀ ಚಳಿಯ ದಿನವೂ 45 ಡಿಗ್ರಿ ನೀರು ಸಾಕು. ಸಾಮಾನ್ಯ ದಿನ 35, 38 ಅಷ್ಟೇ. ಹೊರಗಿನ ಚಳಿ ನೋಡಿಕೊಂಡು ಯಂತ್ರವೇ ಈ ನೀರಿನ ಬಿಸಿ ಏರಿಸುತ್ತದೆ, ಇಳಿಸುತ್ತದೆ. ಇದಕ್ಕೆ ಹೀಟ್ ಕರ್ವ್ ಅನ್ನುತ್ತಾರೆ. ಹಾಕಿ ಹೋಗುವಾಗ ಅವರು ಇಟ್ಟ ಕರ್ವ್ ನಮಗೆ ಸ್ವಲ್ಪ ಜಾಸ್ತಿ ಇತ್ತು. ಮೊದಲ ಡಿಸೆಂಬರಿನಲ್ಲಿ ಒಂದೊಂದೇ ಮೆಟ್ಟಿಲು ಇಳಿಸುತ್ತಾ ಬಂದೆ. ಇಳಿಸಿದ ಮೇಲೆ ಎರಡು ದಿನ ಕಾಯಬೇಕು, ಆಮೇಲೆ ಚಳಿ ಅನ್ನಿಸುತ್ತಾ ನೋಡಬೇಕು. ಸುಮ್ನೆ ಗಂಟೆಗೊಮ್ಮೆ ಒತ್ತುತ್ತಾ ಕೂತರೆ ಏನೂ ತಿಳಿಯುವುದಿಲ್ಲ.

ಅವ್ವ ಬಂದ ದಿನ ರೇಡಿಯೇಟರ್ ಮುಟ್ಟಿ ನೋಡಿ, ‘ಏನವಾ ಇದು, ಬಿಸೀನ ಆಗಿಲ್ಲಲ್ಲ?’ ಅಂದಳು. ಹೌದು, ಮುಟ್ಟಿದರೆ ಉಗುರುಬೆಚ್ಚಗೆ ಅಷ್ಟೇ. ಗ್ಯಾಸಿನ ಕಾಲದಲ್ಲಿ ಕೈ ಸುಡುತ್ತಿತ್ತು, ಅದರ ಮೇಲೆ ಒದ್ದೆ ಬಟ್ಟೆ ಹರವುತ್ತಿದ್ದೆವು. ಈಗ ಬಟ್ಟೆ ಒಣಗಲು ಜಾಸ್ತಿ ಹೊತ್ತು ಬೇಕು, ಅದು ನಿಜ. ಆದರೆ ಕೋಣೆ ಇಪ್ಪತ್ತರಲ್ಲಿ ನಿಂತುಬಿಟ್ಟಿರುತ್ತದೆ, ಮಧ್ಯರಾತ್ರಿಯಲ್ಲೂ, ಮಧ್ಯಾಹ್ನದಲ್ಲೂ. ಮುಂಚೆ ಒಂದು ಗಂಟೆ ಸೆಕೆ, ಮೂರು ಗಂಟೆ ನಡುಕ. ವಾರದೊಳಗೆ ಅವ್ವನೇ ಹೇಳಿದಳು: ‘ಮೊದಲಿನಂಗ ಮೊಣಕಾಲ ಹಿಡಕೊಳ್ಳೂದಿಲ್ಲ ನೋಡು.’

ಇದು ನನಗೆ ಸಣ್ಣ ಮಾತಲ್ಲ. ಪ್ರತಿ ಜನವರಿಯಲ್ಲಿ ನಮ್ಮ ವಾರ್ಡಿಗೆ ಬರುವ ವಯಸ್ಸಾದವರಲ್ಲಿ ಎಷ್ಟೋ ಜನ ಬಿಲ್ಲಿಗೆ ಹೆದರಿ ಹೀಟಿಂಗ್ ಆರಿಸಿ ಕೂತವರು. ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಣ್ಣನೆಯ ಗೋಡೆಗೆ ತೇವ ಹಿಡಿಯುತ್ತದೆ, ತೇವದ ಗೋಡೆಗೆ ಬೂಸ್ಟು ಬರುತ್ತದೆ, ಬೂಸ್ಟಿನಿಂದ ದಮ್ಮು ಕೆರಳುತ್ತದೆ. ಇದನ್ನು ನಾನು ಹಾಸಿಗೆ ಪಕ್ಕ ನಿಂತು ನೋಡುತ್ತೇನೆ. ನಮ್ಮ ಹಿಂದಿನ ಬೆಡ್‌ರೂಮಿನ ಮೂಲೆಯಲ್ಲಿ ವರ್ಷವೂ ಬರುತ್ತಿದ್ದ ಕಪ್ಪು ಬೂಸ್ಟು ಹೀಟ್ ಪಂಪ್ ಬಂದ ಮೇಲೆ ಬಂದಿಲ್ಲ. ಸದಾ ಒಂದೇ ಸಮ ಬೆಚ್ಚಗಿರುವುದೇ ಕಾರಣ ಅಂತ ನನ್ನ ನಂಬಿಕೆ. ಗ್ಯಾಸಿನಲ್ಲೂ ಇಡೀ ದಿನ ಸಣ್ಣಗೆ ಓಡಿಸಿದರೆ ಇದು ಸಾಧ್ಯ. ಆದರೆ ಹಾಗೆ ಓಡಿಸುವವರನ್ನು ನಾನು ನೋಡಿಲ್ಲ.

ಬಿಸಿನೀರಿನ ವಿಷಯಕ್ಕೆ ಬರುತ್ತೇನೆ. ಕಾಂಬಿಯಲ್ಲಿ ನಲ್ಲಿ ತಿರುಗಿಸಿದರೆ ಎಷ್ಟು ಹೊತ್ತಾದರೂ ಬಿಸಿನೀರು. ಹೀಟ್ ಪಂಪಿಗೆ ಟ್ಯಾಂಕ್ ಬೇಕೇ ಬೇಕು. ನಮ್ಮದು 200 ಲೀಟರಿನದು, ಮಹಡಿಯ ಕಪಾಟಿನಲ್ಲಿ ನಿಂತಿದೆ. ಅಲ್ಲಿದ್ದ ಹಪ್ಪಳ ಸಂಡಿಗೆ ಡಬ್ಬಿ, ಸೂಟ್‌ಕೇಸ್ ಎಲ್ಲ ಅಟ್ಟಕ್ಕೆ ಹೋದವು. ಸಣ್ಣ ಫ್ಲಾಟಿನವರಿಗೆ ಇದೇ ದೊಡ್ಡ ತೊಡಕು. ದಿನದ ಬಳಕೆಗೆ ನೀರು ಧಾರಾಳ. ಪರೀಕ್ಷೆ ಆದದ್ದು ದೀಪಾವಳಿಯಲ್ಲಿ. ನೀರು ತುಂಬುವ ಹಬ್ಬದ ಮರುದಿನ ಬೆಳಗಿನ ಜಾವ, ಮನೆ ತುಂಬ ನೆಂಟರು, ಎಲ್ಲರಿಗೂ ಎಣ್ಣೆ ಸ್ನಾನ. ಎಣ್ಣೆ ಹೋಗುವ ತನಕ ನೀರು ಹುಯ್ದುಕೊಳ್ಳುವವರೇ ಎಲ್ಲ. ಐದನೆಯವರ ಹೊತ್ತಿಗೆ ನೀರು ಉಗುರುಬೆಚ್ಚಗಾಯಿತು. ಮತ್ತೆ ಕಾಯಲು ಒಂದು ಗಂಟೆ ಮೇಲೆ ಬೇಕು. ಈಗ ಹಬ್ಬದ ಹಿಂದಿನ ರಾತ್ರಿ ಟ್ಯಾಂಕ್ 60 ಡಿಗ್ರಿಗೆ ಏರಿಸಿಡುತ್ತೇನೆ, ತಣ್ಣೀರು ಬೆರೆಸಿಕೊಂಡರೆ ಎಲ್ಲರಿಗೂ ಸಾಲುತ್ತದೆ. ಉಳಿದ ದಿನ 48 ಸಾಕು. ವಾರಕ್ಕೊಮ್ಮೆ ಅದೇ 60ಕ್ಕೆ ಹೋಗಿ ಬರುತ್ತದೆ, ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಅನ್ನುವ ರೋಗಾಣು ಬೆಳೆಯಬಾರದು ಅಂತ.

ಅಡುಗೆಮನೆಯ ತೀರ್ಮಾನ ನಿಜಕ್ಕೂ ಕಷ್ಟದ್ದಾಗಿತ್ತು. ಹೀಟ್ ಪಂಪ್ ಹಾಕಿಸಿದ ಮೇಲೂ ಒಲೆಗೆ ಅಂತ ಗ್ಯಾಸ್ ಇಟ್ಟುಕೊಂಡರೆ ಮೀಟರಿನ ದಿನದ ಬಾಡಿಗೆ ತಪ್ಪುವುದಿಲ್ಲ. 2025ರ ಕೊನೆಯಲ್ಲಿ ಅದು ದಿನಕ್ಕೆ 34 ಪೆನ್ಸ್ ಇತ್ತು, ಅಂದರೆ ವರ್ಷಕ್ಕೆ 120 ಪೌಂಡಿನ ಮೇಲೆ, ಒಂದು ಒಗ್ಗರಣೆ ಹಾಕದಿದ್ದರೂ. ಗ್ಯಾಸ್ ಪೂರ್ತಿ ತೆಗೆಸಿದರೆ ಮಾತ್ರ ಅದು ಉಳಿಯುತ್ತದೆ. ತೆಗೆಸಿದರೆ ಜೋಳದ ರೊಟ್ಟಿ ಹೇಗೆ? ನಮ್ಮ ಮನೆಯಲ್ಲಿ ಇದರ ಚರ್ಚೆ ಯಂತ್ರದ ಚರ್ಚೆಗಿಂತ ಉದ್ದ ನಡೆಯಿತು. ಕೊನೆಗೆ ಇಂಡಕ್ಷನ್ ಒಲೆ ಬಂತು. ಒಲೆಗೂ ಎಲೆಕ್ಟ್ರಿಷಿಯನ್‌ಗೂ ಸೇರಿ 900 ಪೌಂಡ್. ಕಬ್ಬಿಣದ ಹಂಚು, ತಳ ಚಪ್ಪಟೆ ಇದ್ದರೆ, ಚೆನ್ನಾಗಿ ಕಾಯುತ್ತದೆ. ರೊಟ್ಟಿಯನ್ನು ಉರಿಗೆ ಹಿಡಿಯಲು ಆಗುವುದಿಲ್ಲ. ಹಂಚಿನ ಮೇಲೇ ಒದ್ದೆ ಬಟ್ಟೆಯಿಂದ ಅಂಚು ಒತ್ತುತ್ತಾ ತಿರುಗಿಸಿದರೆ ಉಬ್ಬುತ್ತದೆ. ಅವ್ವ ಮೂರನೇ ರೊಟ್ಟಿಗೇ ಪಳಗಿಬಿಟ್ಟಳು. ಒಗ್ಗರಣೆ ಸೌಟು ಮಾತ್ರ ನಡೆಯಲಿಲ್ಲ. ತಳ ಸಣ್ಣದಾದ್ದರಿಂದ ಒಲೆಗೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ಅದಕ್ಕೆ ಸಣ್ಣ ಸ್ಟೀಲ್ ಬಾಣಲೆ ತಂದೆವು. ಅಲ್ಯುಮಿನಿಯಂ ಪಾತ್ರೆಗಳೆಲ್ಲ ಮೂಲೆಗೆ. ಭರ್ತಕ್ಕೆ ಬದನೆಕಾಯಿ ಸುಡುವುದು ಈಗ ಓವನ್ನಿನ ಗ್ರಿಲ್ಲಿನಲ್ಲಿ. ರುಚಿ ಹತ್ತಿರ ಬರುತ್ತದೆ, ಅದೇ ರುಚಿ ಅಂತ ಹೇಳಲಾರೆ. ಒಂದು ಮಾತು ನರ್ಸಾಗಿ ಹೇಳಲೇಬೇಕು. ಗ್ಯಾಸ್ ಬಾಯ್ಲರಿನ ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ, ಮನೆಯೊಳಗಿನ ಗಾಳಿಗೆ ಅದರಿಂದ ತೊಂದರೆಯಿಲ್ಲ. ಗ್ಯಾಸ್ ಒಲೆ ಹಾಗಲ್ಲ. ಅದರ ನೈಟ್ರೋಜನ್ ಡೈಆಕ್ಸೈಡ್ ನಾವು ಉಸಿರಾಡುವ ಗಾಳಿಗೇ ಸೇರುತ್ತದೆ. ಮನೆಯಲ್ಲಿ ದಮ್ಮು ಇರುವ ಮಕ್ಕಳಿದ್ದರೆ ಬಾಯ್ಲರಿಗಿಂತ ಮೊದಲು ಒಲೆ ಬದಲಾಯಿಸಿ.

ಈಗ ದುಡ್ಡು. ಗ್ಯಾಸ್ ಇದ್ದಾಗ ವರ್ಷಕ್ಕೆ ಸುಮಾರು 12,000 ಯೂನಿಟ್ ಉರಿಸುತ್ತಿದ್ದೆವು. ಈಗ ಹೀಟ್ ಪಂಪಿಗೆ 2,900, ಅಡುಗೆಗೆ 300, ಒಟ್ಟು 3,200 ಯೂನಿಟ್ ಕರೆಂಟ್. ಕೇಳಲು ಬಹಳ ಕಡಿಮೆ ಅನ್ನಿಸುತ್ತದೆ. ಆದರೆ ಬ್ರಿಟನ್ನಿನಲ್ಲಿ ಕರೆಂಟ್ ಗ್ಯಾಸಿಗಿಂತ ನಾಲ್ಕು ಪಟ್ಟು ದುಬಾರಿ. 2025ರ ಕೊನೆಯ ಮೂರು ತಿಂಗಳಿಗೆ ಆಫ್‌ಜೆಮ್ (ಇಲ್ಲಿನ ಇಂಧನ ನಿಯಂತ್ರಣ ಸಂಸ್ಥೆ) ಹಾಕಿದ ದರದ ಮಿತಿಯಲ್ಲಿ ಗ್ಯಾಸ್ ಯೂನಿಟ್ಟಿಗೆ 6.3 ಪೆನ್ಸ್ ಹತ್ತಿರ, ಕರೆಂಟ್ 26 ಪೆನ್ಸ್ ದಾಟಿ. ಆ ದರದಲ್ಲಿ ಗ್ಯಾಸ್ ಖರ್ಚು ಮೀಟರ್ ಬಾಡಿಗೆ ಸೇರಿ 880 ಪೌಂಡ್, ಹೀಟ್ ಪಂಪ್ ಮತ್ತು ಅಡುಗೆ 840 ಪೌಂಡ್. ಉಳಿದದ್ದು ನಲವತ್ತೇ ಪೌಂಡ್! ಹೀಟ್ ಪಂಪ್ ಇದ್ದವರಿಗೆಂದೇ ಇರುವ ದರ ಹಿಡಿದ ಮೇಲೆ ಲೆಕ್ಕ ಸುಧಾರಿಸಿತು. ನಾವು ಹಿಡಿದದ್ದು ಆಕ್ಟೋಪಸ್ ಅನ್ನುವ ಕರೆಂಟ್ ಕಂಪನಿಯ ಕೋಸಿ ದರ. ಬೆಳಗಿನ ಜಾವ, ಮಧ್ಯಾಹ್ನ, ರಾತ್ರಿ ಹತ್ತರ ಮೇಲೆ ಅಗ್ಗ, ಸಂಜೆ 4ರಿಂದ 7 ದುಬಾರಿ. ಟ್ಯಾಂಕಿನ ನೀರು ಅಗ್ಗದ ಹೊತ್ತಿನಲ್ಲೇ ಕಾಯುತ್ತದೆ. ಆಗ ನಮಗೆ ಸರಾಸರಿ 22 ಪೆನ್ಸ್ ಬಿತ್ತು, ವರ್ಷಕ್ಕೆ 700 ಪೌಂಡ್ ಚಿಲ್ಲರೆ. ಹತ್ತಿರ ಹತ್ತಿರ 175 ಪೌಂಡ್ ಉಳಿತಾಯ. ಒಲೆಯ 900 ಸೇರಿ ಹೊಸ ಬಾಯ್ಲರಿಗಿಂತ 3,200 ಪೌಂಡ್ ಜಾಸ್ತಿ ಕೊಟ್ಟಿದ್ದೇವೆ. ಅದು ವಾಪಸ್ ಬರಲು ಹದಿನೆಂಟು ವರ್ಷ ಬೇಕು. ದುಡ್ಡೊಂದೇ ನೋಡುವವರಿಗೆ ಇದು ಒಳ್ಳೆಯ ವ್ಯಾಪಾರ ಅಂತ ನಾನು ಹೇಳುವುದಿಲ್ಲ.

ಮತ್ತೊಂದು ಲೆಕ್ಕ ನೋಡಿ. ನಮ್ಮ ಯಂತ್ರ ಒಂದು ಯೂನಿಟ್ ಕರೆಂಟಿಗೆ ಮೂರೂವರೆ ಯೂನಿಟ್ ಬಿಸಿ ಕೊಡುತ್ತಿದೆ. ಆ ಮೊದಲ ಕಂಪನಿ ಹೇಳಿದಂತೆ 55 ಡಿಗ್ರಿ ನೀರಿನಲ್ಲಿ ಓಡಿಸಿದ್ದರೆ ಅದು ಮೂರರ ಕೆಳಗೆ ಇಳಿಯುತ್ತಿತ್ತು. ಆಗ ಸಾಮಾನ್ಯ ದರದಲ್ಲಿ ಗ್ಯಾಸಿಗಿಂತ ಬಿಲ್ ಜಾಸ್ತಿಯೇ ಬರುತ್ತಿತ್ತು. ಹೀಟ್ ಪಂಪ್ ಹಾಕಿಸಿ ಬೈಯುವವರ ಮನೆಗೆ ಹೋಗಿ ನೋಡಿದಾಗಲೆಲ್ಲ ನನಗೆ ಕಂಡದ್ದು ಇದೇ. ಯಂತ್ರ ಒಳ್ಳೆಯದೇ ಇರುತ್ತದೆ. ಅಳತೆ ತಪ್ಪಿರುತ್ತದೆ, ಇಲ್ಲವೇ ನೀರು ವಿಪರೀತ ಬಿಸಿ ಇಟ್ಟಿರುತ್ತಾರೆ.

ಹಾಗಾದರೆ ನಾವು ಯಾಕೆ ಹಾಕಿಸಿದೆವು? 12,000 ಯೂನಿಟ್ ಗ್ಯಾಸ್ ಉರಿಸಿದರೆ ವರ್ಷಕ್ಕೆ ಎರಡು ಟನ್ನಿಗೂ ಜಾಸ್ತಿ ಇಂಗಾಲದ ಡೈಆಕ್ಸೈಡ್ ನಮ್ಮ ಒಂದು ಮನೆಯಿಂದಲೇ ಹೊರಗೆ ಹೋಗುತ್ತದೆ. ಈ ದೇಶದ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ 2024ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಇಲ್ಲಿ ಕರೆಂಟ್ ವರ್ಷ ವರ್ಷ ಶುದ್ಧವಾಗುತ್ತಿದೆ, ಗ್ಯಾಸ್ ಯಾವತ್ತಿದ್ದರೂ ಗ್ಯಾಸೇ. ಗದಗಿನಲ್ಲಿ ಅಣ್ಣ ಮಳೆ ನಂಬಿ ಕಡಲೆ, ಜೋಳ ಬಿತ್ತುತ್ತಾನೆ. ಮಳೆ ಈಗ ಯಾವಾಗ ಬರುತ್ತದೆ, ಯಾವಾಗ ಕೈಕೊಡುತ್ತದೆ ಅಂತ ಹೇಳಲಾಗದ ಸ್ಥಿತಿ. ನಾನು ಇಲ್ಲಿ ಬೆಚ್ಚಗಿರುವುದರ ಭಾರ ಅವನ ಹೊಲದ ಮೇಲೆ ಬೀಳುವುದು ನನಗೆ ಬೇಡ. ಅದಕ್ಕೆ 3,200 ಪೌಂಡ್ ಜಾಸ್ತಿ ಕೊಡುವ ಶಕ್ತಿ ನಮಗಿತ್ತು, ಕೊಟ್ಟೆವು. ಎಲ್ಲರಿಗೂ ಇರುವುದಿಲ್ಲ, ಅದೂ ಗೊತ್ತು.

ಹೊರಗಿನ ಪೆಟ್ಟಿಗೆಯ ಬಗ್ಗೆ ಚಿಕ್ಕದಾಗಿ. ಸದ್ದು ಇದೆ, ಆದರೆ ಕಿಟಕಿ ಮುಚ್ಚಿದರೆ ಕೇಳುವುದಿಲ್ಲ. ಹಗಲು ಮಲಗುವ ನನಗೇ ತೊಂದರೆಯಾಗಿಲ್ಲ. ಪಕ್ಕದ ಮನೆಯ ಕಿಟಕಿಗೆ ಎಷ್ಟು ಸದ್ದು ಕೇಳುತ್ತದೆ ಅಂತ ಕಂಪನಿಯವರು ಮೊದಲೇ ಲೆಕ್ಕ ತೋರಿಸಬೇಕು. ನಾವು ಹಾಕಿಸಿದಾಗ ಬೇಲಿಯಿಂದ ಒಂದು ಮೀಟರ್ ದೂರ ಇಡಬೇಕು ಅನ್ನುವ ನಿಯಮ ಇತ್ತು. 2025ರ ಮೇ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ತೆಗೆದರು, ಇಕ್ಕಟ್ಟಿನ ಜಾಗದವರಿಗೆ ಇದು ಒಳ್ಳೆಯ ಸುದ್ದಿ. ಒದ್ದೆ ಚಳಿಯಲ್ಲಿ, ಅಂದರೆ ಸೊನ್ನೆಯಿಂದ ಐದು ಡಿಗ್ರಿಯಲ್ಲಿ, ಪೆಟ್ಟಿಗೆಯ ಹಿಂಬದಿಗೆ ಮಂಜು ಕಟ್ಟುತ್ತದೆ. ಯಂತ್ರ ಅದನ್ನು ತಾನೇ ಕರಗಿಸಿಕೊಳ್ಳುತ್ತದೆ. ಆಗ ರಾಶಿ ಆವಿ ಏಳುತ್ತದೆ, ಹೆದರಬೇಡಿ, ಹೊಗೆ ಅಲ್ಲ. ಕರಗಿದ ನೀರು ಎಲ್ಲಿಗೆ ಹೋಗುತ್ತದೆ ಅಂತ ಮಾತ್ರ ಮೊದಲೇ ಕೇಳಿ. ನಮ್ಮವರು ಕೆಳಗೆ ಗುಂಡಿ ತೋಡಿ ಜಲ್ಲಿ ತುಂಬಿಸಿದರು. ಇಲ್ಲದಿದ್ದರೆ ಆ ನೀರು ಓಡಾಡುವ ದಾರಿಯಲ್ಲಿ ಹೆಪ್ಪುಗಟ್ಟಿ ಜಾರುತ್ತದೆ. ಕರೆಂಟ್ ಹೋದರೆ ಏನು ಗತಿ ಅಂತ ಊರಿನಿಂದ ಫೋನ್ ಮಾಡಿದವರೆಲ್ಲ ಕೇಳುತ್ತಾರೆ. ಕರೆಂಟ್ ಇಲ್ಲದೆ ಗ್ಯಾಸ್ ಬಾಯ್ಲರೂ ಓಡುವುದಿಲ್ಲ, ಅದರ ಪಂಪು ಫ್ಯಾನು ಎಲ್ಲ ಕರೆಂಟಿನದೇ.

ಬಾಡಿಗೆ ಮನೆಯವರು, ಎರಡು ವರ್ಷದಲ್ಲಿ ಮನೆ ಮಾರುವವರು, ಟ್ಯಾಂಕ್ ಇಡಲು ಜಾಗವಿಲ್ಲದವರು, ಬಾಯ್ಲರ್ ಇನ್ನೂ ಹೊಸದಿರುವವರು ಸದ್ಯಕ್ಕೆ ಗ್ಯಾಸಿನಲ್ಲೇ ಇರಿ. ಹೀಟ್ ಪಂಪಿಗೆ ಹೊರಟವರು ಕೋಣೆ ಕೋಣೆಯ ಲೆಕ್ಕದ ಹಾಳೆ ಕೇಳಿ, ಅತೀ ಚಳಿಯ ದಿನ ನೀರು ಎಷ್ಟು ಡಿಗ್ರಿ ಅಂತ ಬರೆದುಕೊಡಲು ಹೇಳಿ. 45ರ ಮೇಲೆ ಹೇಳಿದರೆ ಯಾಕೆ ಅಂತ ಕೇಳಿ. ಮನೆ ಇದಕ್ಕೆ ಸಿದ್ಧವಾಗಿದೆಯಾ ಅಂತ ಒಂದು ಪೆನ್ನಿ ಖರ್ಚಿಲ್ಲದೆ ನೀವೇ ನೋಡಬಹುದು. ಚಳಿ ಜೋರಾಗಿರುವ ಒಂದು ವಾರ ಈಗಿರುವ ಗ್ಯಾಸ್ ಬಾಯ್ಲರಿನಲ್ಲಿ ರೇಡಿಯೇಟರಿನ ನೀರನ್ನು 50 ಡಿಗ್ರಿಗೆ ಇಳಿಸಿ, ಇಡೀ ದಿನ ಓಡಲು ಬಿಡಿ. ಟ್ಯಾಂಕ್ ಇರುವ ಬಾಯ್ಲರಾದರೆ ಸ್ನಾನದ ನೀರು 60ರ ಕೆಳಗೆ ಇಳಿಯದಂತೆ ನೋಡಿಕೊಳ್ಳಿ. ಎಲ್ಲ ಕೋಣೆ ಬೆಚ್ಚಗಿದ್ದರೆ ನಿಮ್ಮ ರೇಡಿಯೇಟರುಗಳೇ ಬಹುಪಾಲು ಸಾಕು. ಒಂದು ಕೋಣೆ ತಣ್ಣಗಾದರೆ ದೊಡ್ಡದು ಬೇಕಾದದ್ದು ಅಲ್ಲಿಗೆ. ಹೀಟ್ ಪಂಪ್ ಬೇಡ ಅನ್ನಿಸಿದರೂ ರೇಡಿಯೇಟರಿನ ನೀರನ್ನು 55, 60ರಲ್ಲೇ ಬಿಟ್ಟುಬಿಡಿ, ಗ್ಯಾಸ್ ಬಿಲ್ ಅಷ್ಟರಿಂದಲೇ ಸ್ವಲ್ಪ ಇಳಿಯುತ್ತದೆ.